ಮಾಂಜ್ರೆಯಿಂದ ಕಾಗಿಣೆಗೆ: ಸೈಕಲ್ಲಿನ ಮೇಲೆ ಒಂದು ದಿನ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರವಾಸವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಪ್ರವಾಸವೆಂದೊಡನೆ ಕಾಶಿ ರಾಮೇಶ್ವರಗಳನ್ನೂ ಹಡಗು ವಿಮಾನಗಳನ್ನೂ ನಿರೀಕ್ಷಿಸುವವರಿಗೆ ಇಂದು ತುಸು ನಿರಾಶೆಯಾದೀತು. ನಾರಾಯಣಖೇಡದಿಂದ ಹೊರಟು, ಜಹೀರಾಬಾದು ಚಿಂಚೋಳಿಗಳನ್ನು ಹಾಯ್ದು, ಸಂಜೆಗೆ ತಾಂಡೂರು ಸೇರುವವರೆಗೆ, ನಾನೂ ನಮ್ಮ ಯಜಮಾನರೂ ಎರಡು ಸೈಕಲ್ಲುಗಳ ಮೇಲೆ ಒಂದೇ ದಿನದಲ್ಲಿ ಮಾಡಿದ ಸುಮಾರು 130 ಕಿಲೋಮೀಟರುಗಳ ಪಯಣದ ವೃತ್ತಾಂತವನ್ನಷ್ಟೇ ನಾನು ಹೇಳಬಲ್ಲೆ. ಭೂಗೋಳವನ್ನು ಅನೇಕ ವರ್ಷ ಪಾಠ ಹೇಳಿದವಳಾದುದರಿಂದ ನದಿ, ಮಣ್ಣು, ಕಲ್ಲು ಎಂದು ನಡುನಡುವೆ ಪಾಠಕ್ಕೆ ಇಳಿಯುವ ಅಭ್ಯಾಸ ನನಗಿದೆ. ಮಕ್ಕಳು ಸಹಿಸಿಕೊಳ್ಳಬೇಕು.

ಮದುವೆಯಾದ ಹೆಣ್ಣುಮಗಳು ಗಂಡನ ಜೊತೆಯಲ್ಲಿ ಬೇರೊಂದು ಸೈಕಲ್ಲನ್ನೇರಿ ಊರೂರು ತಿರುಗುವುದು ನೋಡುವವರಿಗೆ ಈಗಲೂ ಕೌತುಕವೇ. ಆದರೆ ಇದು ಹೊಸ ಸಂಗತಿಯಲ್ಲ. ರೇಡಿಯಂ ಧಾತುವನ್ನು ಕಂಡುಹಿಡಿದ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು 1895ರಲ್ಲಿ ಮದುವೆಯಾದೊಡನೆ ಉಡುಗೊರೆಯ ಹಣದಿಂದ ಎರಡು ಸೈಕಲ್ಲುಗಳನ್ನು ಕೊಂಡು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸಂಚರಿಸಿದರು. ಅಮೆರಿಕೆಯ ಫ್ಯಾನಿ ಬುಲಕ್ ವರ್ಕ್‌ಮನ್ ಎಂಬಾಕೆ ತನ್ನ ಪತಿ ವಿಲಿಯಂ ಹಂಟರ್ ವರ್ಕ್‌ಮನ್ನರೊಡನೆ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ನಮ್ಮ ಭಾರತದ ರಸ್ತೆಗಳ ಮೇಲೆಯೇ ಸೈಕಲ್ಲು ತುಳಿದರು. 14,000 ಮೈಲಿಗಳ ಆ ಸಂಚಾರವನ್ನು ಕುರಿತ ಅವರ ಗ್ರಂಥ 1904ರಲ್ಲಿ ಪ್ರಕಟವಾಯಿತು. ನಮ್ಮದು ಅವರ ಎದುರಿನಲ್ಲಿ ಹಿತ್ತಲಿಗೆ ಹೋಗಿಬಂದಷ್ಟೇ ಸರಿ. ಸಭೆಯಲ್ಲಿ ಕುಳಿತಿರುವ ತಾಯಂದಿರ ಪೈಕಿ ಯಾರಾದರೂ ಮಗಳಿಗೆ ಸೈಕಲ್ಲು ಬೇಡವೆಂದು ಹೇಳುವ ಯೋಚನೆಯಲ್ಲಿದ್ದರೆ ಈ ಹೆಸರುಗಳು ಅವರಿಗೆ ನೆನಪಿರಲೆಂದು ಹೇಳಿದೆ.

ನಾವು ಹೊರಟದ್ದು ಎಳ್ಳ ಅಮಾವಾಸ್ಯೆಯ ದಿನ. ಮಾರ್ಗಶಿರ ಮಾಸದ ಕೊನೆಯ ಈ ಹಬ್ಬದಂದು ಬೀದರ, ಕಲಬುರಗಿ ಸೀಮೆಯ ರೈತರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿಯನ್ನು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಅಮಾವಾಸ್ಯೆಯಂದು ಪ್ರಯಾಣ ಮಾಡಬಾರದೆಂದು ಹಿರಿಯರೊಬ್ಬರು ತಡೆದರು. ಊರೆಲ್ಲ ಹೊಲದಲ್ಲಿರುವ ದಿನಕ್ಕಿಂತ ಒಳ್ಳೆಯ ದಿನ ಯಾವುದು ಎಂದು ನಮ್ಮ ಯಜಮಾನರು ವಾದಿಸಿದರು. ರಾತ್ರಿ ಬೆಳುದಿಂಗಳು ಇರುವುದಿಲ್ಲವಾದ ಕಾರಣ ಕತ್ತಲಾಗುವ ಮೊದಲೇ ತಾಂಡೂರು ಮುಟ್ಟಬೇಕೆಂಬ ಕರಾರಿನ ಮೇಲೆ ನಾನೂ ಒಪ್ಪಿದೆ. ನಮ್ಮ ಸಾಮಾನು ಹೆಚ್ಚೇನೂ ಇರಲಿಲ್ಲ. ತಲಾ ಎರಡು ಬಾಟಲಿ ನೀರು, ಗಾಳಿ ಹಾಕುವ ಪಂಪು, ಪಂಕ್ಚರಿನ ಸಾಮಗ್ರಿ, ಶೇಂಗಾದ ಉಂಡೆ, ಒಂದು ಭೂಪಟ.

ನಾರಾಯಣಖೇಡವನ್ನು ಬಿಟ್ಟಾಗ ಇನ್ನೂ ನಕ್ಷತ್ರಗಳಿದ್ದವು. ಇಲ್ಲಿಯ ನೆಲ ಬಹುಮಟ್ಟಿಗೆ ಕರಿಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಸವೆದು ಈ ಎರೆಮಣ್ಣಾಗಿದೆ. ಮಳೆಗಾಲ ಮುಗಿದ ಮೇಲೂ ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣ ಅದಕ್ಕಿರುವುದರಿಂದಲೇ ಚಳಿಗಾಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳು ಬರಿಯ ಮಂಜಿನಲ್ಲಿ ಬೆಳೆದಂತೆ ಬೆಳೆಯುತ್ತವೆ. ಮೋಟಾರಿನಲ್ಲಿ ಹೋಗುವವನಿಗೆ ಇದು ಹಸುರು ಬಣ್ಣವಾಗಿ ಮಾತ್ರ ಕಂಡೀತು. ಸೈಕಲ್ಲಿನ ವೇಗ ಗಂಟೆಗೆ ಹದಿನೈದು ಕಿಲೋಮೀಟರು. ಆ ವೇಗದಲ್ಲಿ ಜೋಳದ ತೆನೆ ಹಾಲುಗಾಳೋ ಬಲಿತದ್ದೋ ಎಂಬುದೂ ಗೊತ್ತಾಗುತ್ತದೆ. ಎದುರಿಗೆ ಬಂದವರ ಮಾತೂ ಕಿವಿಗೆ ಬೀಳುತ್ತದೆ.

ಬೆಳಕು ಹರಿದ ಮೇಲೆ ಮಾಂಜ್ರಾ ನದಿಯ ಸೇತುವೆ ಬಂದಿತು. ಈ ನದಿಯ ನಡೆ ವಿಚಿತ್ರವಾದುದು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟಿ, ಆಗ್ನೇಯಾಭಿಮುಖವಾಗಿ ಬೀದರದ ನೆಲವನ್ನು ಹಾಯ್ದು ತೆಲಂಗಾಣಕ್ಕೆ ಬಂದು, ಅಲ್ಲಿ ಏನೋ ಮರೆತುಬಂದವಳಂತೆ ಉತ್ತರಕ್ಕೆ ತಿರುಗಿ, ಕಂದಕುರ್ತಿಯ ಬಳಿ ಗೋದಾವರಿಯನ್ನು ಕೂಡುತ್ತದೆ. ಹೈದರಾಬಾದಿಗೆ ಕುಡಿಯುವ ನೀರು ಒದಗಿಸಲೆಂದು ಸಿಂಗೂರಿನಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಸೇತುವೆಯ ಮೇಲೆ ನಿಂತು ನಾನು ಯಜಮಾನರಿಗೆ, “ಈಗ ಕೆಳಗೆ ಕಾಣುವ ನೀರು ಗೋದಾವರಿಯದು. ಸಂಜೆ ನಾವು ನೋಡುವ ನೀರು ಕೃಷ್ಣೆಯದು. ನಡುವೆ ಒಂದು ದಿಬ್ಬವಿದೆ, ಅದನ್ನು ಹತ್ತಬೇಕು” ಎಂದೆ. “ಪಾಠ ಆಮೇಲೆ, ಮೊದಲು ಚಹಾ” ಎಂದರು ಅವರು.

ಆ ದಿಬ್ಬವೇ ಜಹೀರಾಬಾದಿನ ಎತ್ತರದ ಬಯಲು. ಹತ್ತುತ್ತ ಹೋದಂತೆ ಕರಿಮಣ್ಣು ಮಾಯವಾಗಿ ಕುಂಕುಮವನ್ನು ಚೆಲ್ಲಿದಂತಹ ಕೆಂಪುನೆಲ ಬರುತ್ತದೆ. ಬೀದರದ ಕೋಟೆ ನಿಂತಿರುವ ಜಂಬಿಟ್ಟಿಗೆ ಕಲ್ಲಿನ ನೆಲವೇ ಇಲ್ಲಿಯವರೆಗೆ ಹಬ್ಬಿದೆ. ಪಟ್ಟಣದ ಹೆದ್ದಾರಿಯ ಲಾರಿಗಳ ಗದ್ದಲದಲ್ಲಿ ನಿಲ್ಲಲು ಮನಸ್ಸಾಗದೆ ಸಮೀಪದ ಪಸ್ತಾಪುರಕ್ಕೆ ಹೋದೆವು. 1983ರಿಂದ ಈ ಸೀಮೆಯ ಬಡ ಹೆಣ್ಣುಮಕ್ಕಳನ್ನು ಸಂಘಗಳಾಗಿ ಕೂಡಿಸಿ, ನವಣೆ, ಸಾಮೆ, ಸಜ್ಜೆ, ಜೋಳಗಳ ನಾಟಿ ಬೀಜಗಳನ್ನು ಉಳಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆಲೆ ಇದು. ಅದರ ಸ್ಥಾಪಕರಲ್ಲಿ ಒಬ್ಬರಾಗಿ ಕೊನೆಯವರೆಗೂ ದುಡಿದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. ಮಾಚನೂರಿನಲ್ಲಿ ಇದೇ ಸಂಘದ ದಲಿತ ಹೆಣ್ಣುಮಕ್ಕಳು 2008ರಲ್ಲಿ ತಮ್ಮದೇ ರೇಡಿಯೊ ಕೇಂದ್ರವನ್ನು ಆರಂಭಿಸಿದರು. ಒಂದೇ ಹೊಲದಲ್ಲಿ ಹತ್ತಾರು ಬಗೆಯ ಬೆಳೆಗಳನ್ನು ಬೆರೆಸಿ ಬಿತ್ತುವ ಅವರ ಪದ್ಧತಿಯನ್ನು ವಿಜ್ಞಾನದ ಅಧ್ಯಾಪಕರು ನಮ್ಮ ಮಕ್ಕಳಿಗೆ ತೋರಿಸಲು ಒಮ್ಮೆ ಕರೆದುಕೊಂಡು ಹೋದರೆ ಒಳ್ಳೆಯದು.

ಜಹೀರಾಬಾದನ್ನು ಬಿಟ್ಟು ದಕ್ಷಿಣಕ್ಕೆ ಹೊರಟ ಮೇಲೆ ಯಜಮಾನರ ಹಿಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಅವರು ರಸ್ತೆಯ ಪಕ್ಕದಲ್ಲಿ ಟ್ಯೂಬು ಬಿಚ್ಚುತ್ತಿರುವಾಗ ಹತ್ತಿರದ ಹೊಲದಿಂದ, “ಬರ್ರಿ ಯವ್ವಾ, ಅಣ್ಣಾರ್ನೂ ಕರ್ಕೊಂಡ್ ಬರ್ರಿ. ಇವತ್ತ ಹೊಲದ ಮುಂದಿಂದ ಉಣ್ಣದೆ ಹೋಗಬಾರ್ದು” ಎಂದು ಅಚ್ಚ ಬೀದರದ ಕನ್ನಡದಲ್ಲಿ ಯಾರೋ ಕೂಗಿದರು. ನೋಡಿದರೆ ತೊಂಬತ್ತರ ಸಮೀಪದ ಒಬ್ಬ ಅಜ್ಜ. ಜೋಳದ ದಂಟಿನ ಚಿಕ್ಕ ಗುಡಿಸಲು, ಅದರೊಳಗೆ ಪಾಂಡವರೆಂದು ಪೂಜಿಸಿದ ಸುಣ್ಣ ಬಳಿದ ಐದು ಕಲ್ಲು, ಸುತ್ತ ಮಕ್ಕಳು ಮೊಮ್ಮಕ್ಕಳು. ಎಲೆಯ ಮೇಲೆ ಸಜ್ಜೆಯ ರೊಟ್ಟಿ, ಹಲವು ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಕುಡಿಯಲು ಮಜ್ಜಿಗೆಯ ಅಂಬಲಿ. ಆ ಭಜ್ಜಿಯ ರುಚಿಯನ್ನು ವರ್ಣಿಸುವುದಕ್ಕೆ ಹೋದರೆ ಭಾಷಣ ದಾರಿ ತಪ್ಪುತ್ತದೆ.

ಊಟದ ನಡುವೆ ಯಜಮಾನರು, “ನಿಮ್ಮದು ಯಾವ ಜಿಲ್ಲೆ, ಅಜ್ಜಾ?” ಎಂದು ಕೇಳಿದರು. ಅಜ್ಜ ನಕ್ಕ. “ಹುಟ್ಟಿದಾಗ ಬೀದರ ಜಿಲ್ಲಾ. ಆಮ್ಯಾಲ ಮೆದಕ ಅಂದ್ರು. ಈಗ ಸಂಗಾರೆಡ್ಡಿ ಅಂತಾರ. ನಿಜಾಮನ ರಾಜ್ಯ ನೋಡ್ದೆ, ಹೈದರಾಬಾದ ರಾಜ್ಯ ನೋಡ್ದೆ, ಆಂಧ್ರ ನೋಡ್ದೆ, ತೆಲಂಗಾಣಾನೂ ನೋಡ್ದೆ. ಹೊಲ ಮಾತ್ರ ಇದ್ದಲ್ಲೇ ಅದ.” ವಿದ್ಯಾರ್ಥಿಗಳು ಗಮನಿಸಬೇಕು, ಈ ಮಾತಿನಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಜಹೀರಾಬಾದು ತಾಲ್ಲೂಕಿನ ಹೆಚ್ಚಿನ ಭಾಗವೂ ನಾರಾಯಣಖೇಡ ತಾಲ್ಲೂಕೂ ಆಂಧ್ರಪ್ರದೇಶದಲ್ಲಿ ಉಳಿದವು. ಗುಲಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ಲು ತಾಲ್ಲೂಕುಗಳೂ ಹಾಗೆಯೇ ಬೇರ್ಪಟ್ಟವು. 2014ರಲ್ಲಿ ತೆಲಂಗಾಣ ರಾಜ್ಯವೂ 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯೂ ಆದವು.

ಅಜ್ಜ ಬಾಲ್ಯದಲ್ಲಿ ಕಲಿತದ್ದು ಉರ್ದು ಶಾಲೆಯಲ್ಲಿ. ಆಗ ನಿಜಾಮರ ಸೀಮೆಯಲ್ಲಿ ಶಿಕ್ಷಣ ಮಾಧ್ಯಮ ಅದೇ ಆಗಿತ್ತು. ಮನೆಯಲ್ಲಿ ಕನ್ನಡ, ಓದಬಲ್ಲದ್ದು ಉರ್ದು ಮಾತ್ರ. ಏಳನೆಯ ತರಗತಿಯ ಮರಿಮೊಮ್ಮಗ ಕಲಿಯುತ್ತಿರುವುದು ತೆಲುಗಿನಲ್ಲಿ. ನಾಲ್ಕು ತಲೆಮಾರು ಕನ್ನಡ ಆಡಿದ ಮನೆಯಲ್ಲಿ ಕನ್ನಡದ ಅಕ್ಷರವನ್ನು ಗುರುತಿಸುವವರು ಒಬ್ಬರೂ ಇರಲಿಲ್ಲ. ನನ್ನೊಳಗಿನ ಉಪಾಧ್ಯಾಯಿನಿ ಸುಮ್ಮನಿರಲಿಲ್ಲ. ಒಲೆಯ ಇದ್ದಿಲನ್ನು ತೆಗೆದುಕೊಂಡು ಒಂದು ಚಪ್ಪಟೆ ಕಲ್ಲಿನ ಮೇಲೆ ‘ನದಿ’, ‘ಮರ’, ‘ಮನೆ’ ಎಂದು ಬರೆದು ಹುಡುಗನ ಮುಂದೆ ಇಟ್ಟೆ. ಅವನು ಒಂದು ಕ್ಷಣ ದಿಟ್ಟಿಸಿ ಮೂರನ್ನೂ ಓದಿಬಿಟ್ಟ. ಇದರಲ್ಲಿ ಪವಾಡವೇನೂ ಇಲ್ಲ. ಕನ್ನಡ ತೆಲುಗುಗಳೆರಡೂ ಒಂದೇ ಹಳೆಯ ಲಿಪಿಯಿಂದ ಒಡೆದ ಕವಲುಗಳು. ಕ, ತ, ಶಗಳಲ್ಲಿ ತುಸು ಭೇದವಿದ್ದರೂ ಗ, ದ, ನ, ಮ, ರ, ಲ ಮೊದಲಾದ ಅಕ್ಷರಗಳಲ್ಲಿ ತಲೆಕಟ್ಟನ್ನು ಬಿಟ್ಟರೆ ಹೆಚ್ಚು ವ್ಯತ್ಯಾಸವಿಲ್ಲ. ಅಜ್ಜ ಇದನ್ನೆಲ್ಲ ಕೇಳುತ್ತಿದ್ದವನು ರೊಟ್ಟಿಯನ್ನು ಕೆಳಗಿಟ್ಟು, “ಹಾಂಗಾದ್ರ ನನ್ನ ಹೆಸರ ಹ್ಯಾಂಗ ಕಾಣತದ, ಬರದು ತೋರ್ಸ್ರಿ ಯವ್ವಾ” ಎಂದ. ಬರೆದೆ. ಅಜ್ಜ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಅಕ್ಷರದ ಮೇಲೆ ಬೆರಳಾಡಿಸಿದರೆ ಇದ್ದಿಲು ಅಳಿಸೀತೆಂದು ಬೆರಳನ್ನು ಮೇಲೆ ಎತ್ತಿಯೇ ತಿದ್ದಿದ. ಬಲದಿಂದ ಎಡಕ್ಕೆ ತಿದ್ದಲು ಹೊರಟಾಗ ಮರಿಮೊಮ್ಮಗ ಕೈ ಹಿಡಿದು ಎಡದಿಂದ ಬಲಕ್ಕೆ ತಿರುಗಿಸಿದ. ನಾವು ಹೊರಡುವಾಗ ಆ ಕಲ್ಲನ್ನು ಗುಡಿಸಲಿನೊಳಗೆ, ನೆರಳಿನಲ್ಲಿ ಇಡಿಸಿದ್ದ.

ಅಲ್ಲಿಂದ ಮುಂದೆ ದಾರಿ ಕಾಡಿನೊಳಗೆ ಇಳಿಯುತ್ತದೆ. ಕರ್ನಾಟಕದ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡು ಇದು. ಈಗ ವನ್ಯಜೀವಿ ಧಾಮ. ತೇಗ, ಚಂದನಗಳ ನೆರಳಿನ ಇಳಿಜಾರಿನಲ್ಲಿ ಪೆಡಲು ತುಳಿಯುವ ಶ್ರಮವೇ ಇಲ್ಲ. ನೀರಿನ ಗೆರೆಯನ್ನು ನಾವು ದಾಟಿದ್ದು ಈ ದಿಬ್ಬದ ನೆತ್ತಿಯಲ್ಲಿಯೇ. ಇನ್ನು ಮೇಲೆ ಬೀಳುವ ಹನಿಯೆಲ್ಲ ಮುಲ್ಲಾಮಾರಿ, ಕಾಗಿಣಾ, ಭೀಮಾ ನದಿಗಳ ಮಾರ್ಗವಾಗಿ ಕೃಷ್ಣೆಗೆ. ರಾಜ್ಯದ ಗಡಿಯಲ್ಲಿ ಮೈಲಿಗಲ್ಲಿನ ಲಿಪಿ ಬದಲಾಯಿತು. ಆದರೆ ತೆಲಂಗಾಣದ ಹೊಲದಲ್ಲಿ ಕನ್ನಡವನ್ನು ಕೇಳಿ ಬಂದ ನಮ್ಮನ್ನು ಕರ್ನಾಟಕದ ಕುಂಚಾವರದ ಚಹಾದ ಅಂಗಡಿಯಲ್ಲಿ ತೆಲುಗೂ ಲಂಬಾಣಿಯೂ ಎದುರುಗೊಂಡವು. ಭೂಪಟವನ್ನು ಬರೆದವರು ಇದನ್ನು ಯಾವ ಬಣ್ಣದಿಂದ ತೋರಿಸಬೇಕಿತ್ತೋ ನಾನರಿಯೆ.

ಚಿಂಚೋಳಿಯಿಂದ ತಾಂಡೂರಿನವರೆಗಿನ ದಾರಿಯನ್ನು ಬೇಗನೆ ಹೇಳಿ ಮುಗಿಸುತ್ತೇನೆ, ಏಕೆಂದರೆ ನಾವೂ ಬೇಗನೆ ಮುಗಿಸಿದೆವು. ಎದುರುಗಾಳಿ, ದಣಿದ ಮೊಣಕಾಲು, ಎರಡೂ ಕಡೆ ಕೊಯ್ಲಿಗೆ ಬಂದ ತೊಗರಿ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಊರು ಹತ್ತಿರವಾದಂತೆ ಕಲ್ಲುಗಣಿಗಳು. ಲಾವಾರಸ ಹರಿಯುವುದಕ್ಕಿಂತ ಬಹು ಕಾಲದ ಹಿಂದೆ ಕಡಲಿನ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರೇ ಇಲ್ಲಿಯ ನೀಲಿ ಹಾಸುಗಲ್ಲು. ಅದೇ ಬಗೆಯ ಕಲ್ಲನ್ನು ಗಡಿಯ ಆಚೆ ಶಹಾಬಾದಿ ಕಲ್ಲು ಎನ್ನುತ್ತಾರೆ. ಈಚೆ ತಾಂಡೂರು ಕಲ್ಲು.

ಸೂರ್ಯ ಮುಳುಗುವ ಹೊತ್ತಿಗೆ ಕಾಗಿಣಾ ನದಿಯ ದಡದಲ್ಲಿದ್ದೆವು. ಇದೇ ನೀರು ಮುಂದೆ ಮಳಖೇಡದ ಬಳಿ ಹಾಯುತ್ತದೆ. ಅದು ರಾಷ್ಟ್ರಕೂಟರ ರಾಜಧಾನಿ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಸ್ಥಳ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಆ ಗ್ರಂಥ ಹೇಳುವುದನ್ನು ಹತ್ತನೆಯ ತರಗತಿಯವರು ಬಲ್ಲರು. ಯಜಮಾನರಿಗೆ ಅದನ್ನು ಹೇಳಬೇಕೆಂದು ತಿರುಗಿ ನೋಡಿದರೆ ಅವರು ಸೈಕಲ್ಲನ್ನು ಮರಕ್ಕೆ ಒರಗಿಸಿ ಕುಳಿತಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಸೈಕಲ್ಲುಗಳನ್ನು ಪಾರ್ಸಲ್ಲಿಗೆ ಹಾಕಿ, ರಾತ್ರಿಯ ರೈಲು ಹತ್ತಿದೆವು.

ನನಗೆ ಕೊಟ್ಟ ಸಮಯ ಮುಗಿಯಿತು.