ಎರಡು ಕೆರೆ, ಒಂದೇ ಅಳತೆ

ಹೈದರಾಬಾದಿನಲ್ಲಿ ಮಳೆ ಜೋರಾದರೆ ಎರಡು ಜಲಾಶಯಗಳ ಸುದ್ದಿ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಒಂದು, ಗಂಡಿಪೇಟೆ ಎಂದು ಕರೆಯುವ ಉಸ್ಮಾನ್ ಸಾಗರ. ಇನ್ನೊಂದು ಹಿಮಾಯತ್ ಸಾಗರ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ, ಮರುವರ್ಷ ಇಲ್ಲಿಗೆ ಬಂದ ನಮ್ಮ ವಿಶ್ವೇಶ್ವರಯ್ಯನವರು ಕೊಟ್ಟ ಸಲಹೆಯ ಫಲ ಇವು. ಮೊದಲನೆಯದು 1920ರಲ್ಲಿ, ಎರಡನೆಯದು 1927ರಲ್ಲಿ ಸಿದ್ಧವಾಯಿತು.

ಉಸ್ಮಾನ್ ಸಾಗರದ ಪೂರ್ಣ ಮಟ್ಟ 1790 ಅಡಿ, ಹಿಮಾಯತ್ ಸಾಗರದ್ದು 1763.5 ಅಡಿ. ಕಾಲೇಜಿಗೆ ಹೋಗುವ ನಿಮ್ಮ ಮಗಳು ಈ ಎರಡರ ದಿನದಿನದ ಮಟ್ಟವನ್ನು ಕಂಪ್ಯೂಟರಿನಲ್ಲಿ ಗ್ರಾಫ್ ಮಾಡಿ, ಒಂದರ ಕೆಳಗೆ ಒಂದು ಇಟ್ಟಳು ಎಂದುಕೊಳ್ಳಿ. ನೋಡಲು ಚೆಂದ. ಆದರೆ ಅಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಅಳತೆಯದು. ತಂತ್ರಾಂಶ ಪ್ರತಿ ಗ್ರಾಫಿಗೂ ತನ್ನಷ್ಟಕ್ಕೆ ಅಳತೆ ಆರಿಸುತ್ತದೆ. ಒಂದು ಕೆರೆ ಒಂದಡಿ ಏರಿ, ಇನ್ನೊಂದು ಐದಡಿ ಏರಿದ್ದರೂ ಎರಡು ಗೆರೆಗಳೂ ಒಂದೇ ಎತ್ತರಕ್ಕೆ ಹೋಗಿ ನಿಲ್ಲಬಹುದು.

ಎರಡನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ. ಎಡಗಡೆಯ ಅಕ್ಷದಲ್ಲಿ ಒಂದಕ್ಕೆ 1790 ಎಂದೂ, ಇನ್ನೊಂದಕ್ಕೆ 1763.5 ಎಂದೂ ಬರೆದಿರುತ್ತದೆ. ಉದ್ದದ ಅಂಕಿಗೆ ಹೆಚ್ಚು ಜಾಗ ಬೇಕು. ಹಾಗಾಗಿ ಕೆಳಗಿನ ಗ್ರಾಫಿನ ಅಕ್ಷ ಸ್ವಲ್ಪ ಬಲಕ್ಕೆ ಸರಿಯುತ್ತದೆ. ಆಗ ಮೇಲಿನ ಜುಲೈ 20ರ ಕೆಳಗೆ ಜುಲೈ 20 ಇರುವುದಿಲ್ಲ. ಯಾವ ಕೆರೆ ಮೊದಲು ಏರಿತು ಎಂದು ನೋಡಹೋದ ಕಣ್ಣು ಮೋಸಹೋಗುತ್ತದೆ.

ಪರಿಹಾರ ಕಷ್ಟವೇನಲ್ಲ. ಸಮುದ್ರಮಟ್ಟದಿಂದ ಎಷ್ಟು ಅಡಿ ಎನ್ನುವುದರ ಬದಲು, ತುಂಬಲು ಎಷ್ಟು ಅಡಿ ಬಾಕಿ ಎಂದು ಲೆಕ್ಕ ಹಾಕಿ. ಆಗ ಎರಡಕ್ಕೂ ಸೊನ್ನೆ ಎಂದರೆ ತುಂಬಿದ ಕೆರೆ. ಅಕ್ಷದ ಆರಂಭ, ಕೊನೆ ಎರಡನ್ನೂ ನೀವೇ ನಿಗದಿ ಮಾಡಿ. ದಶಮಾಂಶದ ಅಂಕಿಗಳೂ ಎರಡರಲ್ಲಿ ಒಂದೇ ಇರಲಿ. ತಾರೀಖುಗಳೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯಲಿ.

ಇನ್ನು ಅಂಚಿನ ವಿಷಯ. ಉಚಿತವಾಗಿ ಸಿಗುವ ‘ಆರ್’ ತಂತ್ರಾಂಶದ ಮೂಲ ಗ್ರಾಫಿನಲ್ಲಿ ‘ಮಾರ್’ ಎಂಬ ಆಯ್ಕೆ ಇದೆ. ಕೆಳಗೆ, ಎಡಕ್ಕೆ, ಮೇಲೆ, ಬಲಕ್ಕೆ ಎಷ್ಟು ಸಾಲಿನ ಜಾಗ ಬಿಡಬೇಕು ಎಂದು ಅದಕ್ಕೆ ಹೇಳಬಹುದು. ಒಂದೇ ಅಳತೆಯ ಎರಡು ಚಿತ್ರಗಳಿಗೂ ಅದೇ ನಾಲ್ಕು ಸಂಖ್ಯೆ ಕೊಟ್ಟರೆ ಅಕ್ಷ ಅಲುಗುವುದಿಲ್ಲ. ಅಂಕಿಗೆ ಜಾಗ ಸಾಲದಿದ್ದರೆ ಎರಡಕ್ಕೂ ಒಟ್ಟಿಗೇ ಹೆಚ್ಚಿಸಿ. ‘ಜಿಜಿಪ್ಲಾಟ್2’ ಬಳಸುವವರು ಎರಡು ಕೆರೆಗಳನ್ನೂ ಒಂದೇ ಚಿತ್ರದ ಎರಡು ಅಂಕಣಗಳಾಗಿ, ಅಂದರೆ ಫೆಸೆಟ್ ಆಗಿ, ಮೇಲೆ ಕೆಳಗೆ ಮಾಡಿದರೆ ಅಕ್ಷಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಬೇರೆಬೇರೆ ಮಾಡಿದ ಚಿತ್ರಗಳನ್ನು ‘ಪ್ಯಾಚ್‌ವರ್ಕ್’ ಜೋಡಿಸಿಕೊಡುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎನ್ನಬಹುದು. ಆದರೆ ಈ ಎರಡು ಕೆರೆಗಳಿಂದ ಬಿಟ್ಟ ನೀರು ಕೊನೆಗೆ ಸೇರುವುದು ಒಂದೇ ಮೂಸಿಯನ್ನು. ಅದು ಊರಿನ ನಡುವೆಯೇ ಹರಿಯುತ್ತದೆ. ಯಾವುದು ಮೊದಲು ತುಂಬಿತು, ಎಷ್ಟು ಬೇಗ ತುಂಬಿತು ಎನ್ನುವುದು ದಂಡೆಯಲ್ಲಿ ವಾಸಿಸುವವರಿಗೆ ಬರೀ ಲೆಕ್ಕದ ಪಾಠವಲ್ಲ. ಮುಂದಿನ ಸಲ ಎರಡು ಗ್ರಾಫುಗಳನ್ನು ಅಕ್ಕಪಕ್ಕ ಕಂಡಾಗ ಗೆರೆಯನ್ನು ಆಮೇಲೆ ನೋಡಿ, ಮೊದಲು ಅಕ್ಷವನ್ನು ನೋಡಿ.