ಗಣಕಯಂತ್ರಗಳ ಕೊಡುಕೊಳ್ಳುವಿಕೆ
(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ಶಾಲೆಯಲ್ಲಿ ಐದು ಗಣಕಯಂತ್ರಗಳಿರುವುದನ್ನು ತಾವು ಬಲ್ಲಿರಿ. ಮೂರರಲ್ಲಿ ವಿಂಡೋಸ್ ಎಂಬ ವ್ಯವಸ್ಥೆಯೂ, ಹಳೆಯವಾದ ಎರಡರಲ್ಲಿ ಲಿನಕ್ಸ್ ಎಂಬುದೂ ಇವೆ. ಲಿನಕ್ಸಿಗೆ ಹಣ ತೆರಬೇಕಾಗಿಲ್ಲ. ಹಳೆಯ ಯಂತ್ರದ ಮೇಲೂ ಅದು ನಡೆಯುತ್ತದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಇದೇ ರೂಢಿಯಲ್ಲಿದ್ದು, ಕಾಸರಗೋಡಿನ ಕನ್ನಡ ಮಕ್ಕಳು ಕಲಿಯುವುದೂ ಇದರ ಮೇಲೆಯೇ.

ಒಂದು ಯಂತ್ರದಲ್ಲಿಯ ಕಡತವು ಇನ್ನೊಂದಕ್ಕೆ ಬೇಕಾದಾಗ ಪೆನ್ ಡ್ರೈವ್ ಹಿಡಿದು ಓಡಾಡುವುದು ಎಲ್ಲ ಕಡೆಯ ವಾಡಿಕೆ. ಇದರಿಂದ ಒಂದೇ ವರ್ಗದ ಹೆಸರುಪಟ್ಟಿಯು ಮೂರು ಯಂತ್ರಗಳಲ್ಲಿ ಮೂರು ಬಗೆಯಾಗಿ ಉಳಿಯುತ್ತದೆ. ಒಂದರಲ್ಲಿ ತಿದ್ದಿದ ಜನ್ಮದಿನಾಂಕವು ಇನ್ನೊಂದರಲ್ಲಿ ಹಾಗೆಯೇ ಇರುತ್ತದೆ. ಹತ್ತನೆಯ ವರ್ಗದ ಪರೀಕ್ಷೆಯ ಅರ್ಜಿಯಲ್ಲಿ ತಪ್ಪು ದಿನಾಂಕ ಹೋದರೆ, ಅದನ್ನು ಸರಿಪಡಿಸಲು ಎಷ್ಟು ಅಲೆದಾಟವೆಂಬುದನ್ನು ಪಾಲಕರಿಗೆ ನಾವು ಹೇಳಬೇಕೇ? ಆದುದರಿಂದ ಕಡತವು ಒಂದೇ ಕಡೆ ಇರಬೇಕು. ಬೇಕಾದವರು ತಮ್ಮ ತಮ್ಮ ಯಂತ್ರದಿಂದ ಅದನ್ನೇ ತೆರೆಯಬೇಕು.

ಜೋಡಣೆಯೇನೋ ಸುಲಭ. ಸ್ವಿಚ್ ಎಂಬ ಚಿಕ್ಕ ಪೆಟ್ಟಿಗೆ, ಅದಕ್ಕೆ ಪ್ರತಿ ಯಂತ್ರದಿಂದ ಒಂದು ತಂತಿ, ಇಷ್ಟೇ. ಇಂಟರ್‌ನೆಟ್ ಇಲ್ಲದ ದಿನವೂ ಕೆಲಸ ನಿಲ್ಲದು. ಆದರೆ ತಂತಿ ಕೂಡಿಸಿದ ಮಾತ್ರಕ್ಕೆ ಯಂತ್ರಗಳು ಮಾತನಾಡವು. ಕಡತವನ್ನು ಕೇಳುವುದಕ್ಕೂ ಕೊಡುವುದಕ್ಕೂ ವಿಂಡೋಸ್ ಬಳಸುವ ಭಾಷೆಗೆ ಎಸ್.ಎಮ್.ಬಿ. ಎಂದು ಹೆಸರು. ಆ ಭಾಷೆಯಲ್ಲಿ ಲಿನಕ್ಸ್ ಯಂತ್ರವೂ ಉತ್ತರ ಕೊಡುವಂತೆ ಮಾಡುವ ತಂತ್ರಾಂಶವೇ ‘ಸಾಂಬಾ’.

ಇದರ ಹುಟ್ಟು ಸ್ವಾರಸ್ಯವಾಗಿದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದ ಆಂಡ್ರೂ ಟ್ರಿಜೆಲ್ ಎಂಬವರು 1992ರಲ್ಲಿ ಇದರ ಮೊದಲ ರೂಪವನ್ನು ಹೊರತಂದರು. ಆ ಭಾಷೆಯ ವ್ಯಾಕರಣವು ಅವರ ಕೈಯಲ್ಲಿರಲಿಲ್ಲ. ಒಂದು ಯಂತ್ರವು ಏನು ಕೇಳುತ್ತದೆ, ಇನ್ನೊಂದು ಏನು ಉತ್ತರಿಸುತ್ತದೆ ಎಂಬುದನ್ನು ತಂತಿಯ ಮೇಲೆಯೇ ಗಮನಿಸುತ್ತ ಕಲಿತರು. ವಳಸಂಗದ ಹುಡುಗನು ಸೊಲ್ಲಾಪುರದ ಪೇಟೆಯಲ್ಲಿ ನಿಂತು, ಗಿರಾಕಿ ಕೇಳುವುದನ್ನೂ ಅಂಗಡಿಕಾರ ಹೇಳುವುದನ್ನೂ ಆಲಿಸುತ್ತ ಮರಾಠಿ ಕಲಿಯುವುದಿಲ್ಲವೇ? ಇದೂ ಹಾಗೆಯೇ. ಎಸ್, ಎಮ್, ಬಿ ಅಕ್ಷರಗಳು ಸೇರಿದ ಶಬ್ದವನ್ನು ಹುಡುಕಿದಾಗ ಸಾಂಬಾ ಎಂಬ ಹೆಸರು ದೊರೆಯಿತು. ನಮ್ಮ ಸಾಂಬಶಿವನಿಗೂ ಅದಕ್ಕೂ ನಂಟಿಲ್ಲ!

ಲಿನಕ್ಸ್ ಯಂತ್ರವೊಂದರಲ್ಲಿ ನಾವು ಎರಡು ಫೋಲ್ಡರುಗಳನ್ನು ಇರಿಸಿದ್ದೇವೆ. ಪಾಠದ ಫೋಲ್ಡರನ್ನು ಮಕ್ಕಳು ಓದಬಹುದು, ತಿದ್ದಲಾಗದು. ಅಂಕಗಳದ್ದು ಶಿಕ್ಷಕರಿಗೆ ಮಾತ್ರ. ಎಸ್.ಎಮ್.ಬಿ.ಯ ಮೊದಲ ಆವೃತ್ತಿಯನ್ನು ತೆರೆದರೆ ಕೆಲಸ ಸುಗಮವೆಂದು ಯಾರಾದರೂ ಸಲಹೆ ಕೊಟ್ಟಾರು, ಕೇಳಬಾರದು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ‘ವಾನಾಕ್ರೈ’ ಪಿಡುಗು ಹಬ್ಬಿದ್ದು ಅದೇ ಬಾಗಿಲಿನಿಂದ. ಎಲ್ಲವೂ ಒಂದೇ ಕಡೆ ಇದ್ದಾಗ ಆ ಯಂತ್ರ ಕೆಟ್ಟರೆ ಎಲ್ಲವೂ ಹೋಯಿತಾದ್ದರಿಂದ, ಪ್ರತಿ ಶನಿವಾರ ಬೇರೊಂದು ಡಿಸ್ಕಿಗೆ ನಕಲು ಮಾಡುತ್ತೇವೆ. ಇನ್ನು ಕಡತದ ಹೆಸರು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆಬೇರೆಯೆಂದು ಎಣಿಸುತ್ತದೆ, ವಿಂಡೋಸ್ ಎಣಿಸದು. ಕನ್ನಡದಲ್ಲಿ ಹೆಸರಿಟ್ಟರೆ ಈ ತೊಡಕೇ ಇಲ್ಲ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲವಷ್ಟೇ.

ಕಡತ ತಲುಪಿತು, ಓದಲು ಬರಬೇಕಲ್ಲ! ನಮಗೆ ಇದೇ ಮುಖ್ಯವಾದ ಮಾತು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕನ್ನಡವು ಯಂತ್ರದ ಒಡಲಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತದೆ. ಕನ್ನಡದ ರೂಪ ಮೇಲಿನ ಹೊದಿಕೆ ಮಾತ್ರ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಯುನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ನೆಲೆಯೊಂದು ಮೀಸಲಾಯಿತು. ಕನ್ನಡದ ‘ಕ’ಕಾರಕ್ಕೆ 3221, ಮರಾಠಿಯ ‘ಕ’ಕಾರಕ್ಕೆ 2325 ಎಂಬ ಸಂಖ್ಯೆಗಳು, ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಅವೇ. ಕನ್ನಡದಲ್ಲಿ ಕಲಿಸಿ ಮರಾಠಿಯಲ್ಲಿ ಪತ್ರವ್ಯವಹಾರ ನಡೆಸುವ ನಮ್ಮಂಥ ಶಾಲೆಗೆ, ಎರಡೂ ಭಾಷೆಗಳು ಒಂದೇ ಕಡತದಲ್ಲಿ ಜಗಳವಿಲ್ಲದೆ ಕೂಡುವುದು ಎಂಥ ಅನುಕೂಲ!

ಈ ವಾರ್ಷಿಕ ಸಂಚಿಕೆಯ ಹಿಂದಿನ ಅನೇಕ ಲೇಖನಗಳು, ನಿಮ್ಮ ಹಿರಿಯ ಮಕ್ಕಳು ಬರೆದವೂ ಸೇರಿ, ಹಳೆಯ ಅಕ್ಷರಶೈಲಿಯಲ್ಲಿಯೇ ಉಳಿದಿವೆ. ಅದನ್ನು ಬಲ್ಲ ಯಂತ್ರವೊಂದೇ ಈಗ ಶಾಲೆಯಲ್ಲಿದೆ, ಅದೂ ಮುದಿಯಾಗಿದೆ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳುಂಟು. ಆದರೆ ಒತ್ತಕ್ಷರ, ಅರ್ಕಾವತ್ತುಗಳು ಪರಿವರ್ತನೆಯಲ್ಲಿ ಸ್ಥಳ ತಪ್ಪುವುದುಂಟು. ಮುದ್ರಿತ ಪ್ರತಿಯನ್ನು ಪಕ್ಕಕ್ಕಿಟ್ಟು ಸಾಲುಸಾಲಾಗಿ ತಾಳೆ ನೋಡಲೇಬೇಕು. ಎಂಟು, ಒಂಬತ್ತನೆಯ ವರ್ಗದ ಮಕ್ಕಳು ಈ ಕೆಲಸಕ್ಕೆ ಮುಂದೆ ಬಂದಿದ್ದಾರೆ. ಕೆಲವು ವರ್ಷಗಳ ಮುದ್ರಿತ ಸಂಚಿಕೆಗಳು ಶಾಲೆಯ ಕಪಾಟಿನಲ್ಲಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ ಮಕ್ಕಳ ಕೈಯಲ್ಲಿ ಕಳಿಸಿಕೊಡಬೇಕು. ತಾಳೆ ನೋಡಿದ ಮೇಲೆ ಜೋಪಾನವಾಗಿ ಮರಳಿಸುತ್ತೇವೆ.