ಗುರುತಿಲ್ಲದ ಗುಡ್ಡದಲ್ಲಿ ಚಿಗರಿ ಬೇಟೆ

(ಬೆಳಗಾವಿಯ ಹಿಂದವಾಡಿಯಲ್ಲಿ ಖಾನಾಪುರ ತಾಲೂಕಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಮ್ಮುಖದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಿಂದವಾಡಿಯಿಂದ ಪಶ್ಚಿಮಕ್ಕೆ ಹೊರಟವರು ಜಾಂಬೋಟಿ ದಾಟಿ ಕಣಕುಂಬಿ ತಲುಪುತ್ತಾರೆ. ಮಲಪ್ರಭೆ ಹುಟ್ಟುವ ನೆಲ ಅದು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದೇ ಹಿಂದವಾಡಿಯಿಂದ ಪೂರ್ವಕ್ಕೆ, ಗೋಕಾಕದ ಮಾರ್ಗವಾಗಿ ಮುಧೋಳ, ಬೀಳಗಿಯತ್ತ ಹೊರಟರೆ ಮಳೆ 600 ಮಿಲಿಮೀಟರಿಗೂ ಕೆಳಗಿಳಿಯುತ್ತದೆ. ಮರಳುಗಲ್ಲಿನ ಬೋಳು ಗುಡ್ಡಗಳು, ನಡುವೆ ಜಾಲಿ, ಬಾರಿ, ತುಗ್ಗಲಿಯ ಕುರುಚಲು. ಇದನ್ನು ಮರುಭೂಮಿಯೆಂದು ಭೂಗೋಳಶಾಸ್ತ್ರ ಒಪ್ಪಲಾರದು. ಆದರೆ ಘಟ್ಟದಲ್ಲಿ ಹುಟ್ಟಿ ಬೆಳೆದವನ ಕಣ್ಣಿಗೆ ಮೇ ತಿಂಗಳಲ್ಲಿ ಆ ಗುಡ್ಡಗಳು ಮರುಭೂಮಿಯಾಗಿಯೇ ಕಾಣುತ್ತವೆ. ಒಂದು ದಿನದ ಪ್ರಯಾಣದೊಳಗೆ ಎರಡು ಲೋಕಗಳು. ಒಂದು ಲೋಕದ ಬೇಟೆಗಾರ ಇನ್ನೊಂದಕ್ಕೆ ಕಾಲಿಟ್ಟಾಗ ಏನಾಯಿತು, ಏನಾಗುತ್ತಿದೆ ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲಿಗೆ ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ಎಲ್ಲವೂ ಜಿಂಕೆಯೇ. ಶಾಸ್ತ್ರದಲ್ಲಿ ಹಾಗಲ್ಲ. ಖಾನಾಪುರದ ಕಾಡಿನ ಕಡವೆ, ಚುಕ್ಕೆಜಿಂಕೆ, ಕಾಡುಕುರಿ ನಿಜವಾದ ಜಿಂಕೆಯ ಕುಲದವು. ಗಂಡಿನ ಕೋಡು ಉದುರಿ ಮತ್ತೆ ಮೂಡುತ್ತದೆ. ಪೂರ್ವದ ಬಯಲಿನ ಚಿಗರಿ, ಅಂದರೆ ಕೃಷ್ಣಮೃಗ, ಹಾಗೂ ಕಲ್ಲುಗುಡ್ಡದ ಚಿಂಕಾರಗಳ ಕೋಡು ಆಡು-ದನಗಳ ಕೋಡಿನಂತೆ ಬಾಳಿನುದ್ದಕ್ಕೂ ಉಳಿಯುತ್ತದೆ, ಕವಲೊಡೆಯುವುದಿಲ್ಲ. ಇವು ಹುಲ್ಲೆಗಳು.

ಈ ಭೇದ ಕೋಡಿಗಷ್ಟೇ ನಿಲ್ಲುವುದಿಲ್ಲ. ಕಡವೆಯಾಗಲಿ ಕಾಡುಕುರಿಯಾಗಲಿ ಅಪಾಯವನ್ನು ಬಹುಪಾಲು ಕಿವಿ ಮತ್ತು ಮೂಗಿನಿಂದ ಅರಿಯುತ್ತದೆ. ಅರಿತೊಡನೆ ಪೊದೆಯೊಳಗೆ ಕರಗಿಹೋಗುತ್ತದೆ. ಆದ್ದರಿಂದ ಮಲೆನಾಡಿನ ಬೇಟೆಯೂ ಕಿವಿಯ ಬೇಟೆಯಾಗಿತ್ತು. ಸೋವಿನವರು ಕೂಗುತ್ತ ಕಾಡು ಸೋಯುವುದು, ಕೋವಿಯವರು ಬಿಲ್ಲಿಗೆ ಕೂತು ತರಗೆಲೆಯ ಸದ್ದಿಗೆ ಕಾಯುವುದು, ಹಣ್ಣಿನ ಮರದ ಮೇಲೆ ಇರುಳಲ್ಲಿ ಮರಸು ಕೂರುವುದು, ಇವೆಲ್ಲ ದಟ್ಟ ಕಾಡು ಕಲಿಸಿದ ಉಪಾಯಗಳು. ಚಿಗರಿ ಮತ್ತು ಚಿಂಕಾರಗಳಿಗೆ ಅಡಗಲು ಪೊದೆಯಿಲ್ಲ. ದೂರದೃಷ್ಟಿ ಮತ್ತು ಓಟವೇ ಅವುಗಳ ಆಸ್ತಿ. ಚಿಗರಿಯ ವೇಗ ಗಂಟೆಗೆ 80 ಕಿಲೋಮೀಟರು ಮುಟ್ಟುತ್ತದೆ. ಇಪ್ಪತ್ತು ಕಿಲೋ ಆಸುಪಾಸು ತೂಗುವ ಚಿಂಕಾರ ಸೀನಿದಂತೆ ಸದ್ದು ಮಾಡಿ, ಗೊರಸು ಬಡಿದು, ಗುಡ್ಡದ ಓರೆಯಲ್ಲಿ ಮಾಯವಾಗುತ್ತದೆ. ಎಲೆ, ಕಾಯಿ, ಇಬ್ಬನಿಯ ತೇವದಿಂದಲೇ ಅದು ಬಹುಕಾಲ ತಾಳಿಕೊಳ್ಳಬಲ್ಲುದರಿಂದ ನೀರಿನ ಗುಂಡಿಯ ಬಳಿ ಕಾದು ಕೂತವನಿಗೂ ಅದು ಸುಲಭಕ್ಕೆ ಸಿಗದು. ಘಟ್ಟದ ಪರಿಣತ ಶಿಕಾರಿಯೂ ಇಲ್ಲಿ ಎಳೆಯ ಹುಡುಗನಷ್ಟೇ ಅನನುಭವಿ. ಸೋಯಲು ಕಾಡಿಲ್ಲ, ಮರಸಿಗೆ ಮರವಿಲ್ಲ, ಮೈಮರೆಸಿಕೊಳ್ಳಲು ನೆರಳೂ ಇಲ್ಲ.

ಹಾಗಿದ್ದೂ ಹೊರಗಿನವರು ಇಲ್ಲಿ ಎರಡು ಶತಮಾನ ಬೇಟೆಯಾಡಿದ್ದಾರೆ. ಹೇಗೆ? ನೆಲ ಬಲ್ಲವರ ಅರಿವನ್ನು ಎರವಲು ಪಡೆದು.

ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಬೆಳಗಾವಿ ಸೀಮೆಯ ವಿದ್ಯಾರ್ಥಿಗಳಿಗೆ ಕಿತ್ತೂರಿನ ಪಾಠದಲ್ಲಿ ಬಂದಿರಬಹುದು. 1824ರ ಅಕ್ಟೋಬರದಲ್ಲಿ ಥ್ಯಾಕರೆ ಹತನಾದಾಗ ಸ್ಟೀವನ್‌ಸನ್‌ನೊಂದಿಗೆ ಚೆನ್ನಮ್ಮನ ಸೆರೆಯಾದವನು ಈತನೇ. ಮುಂದೆ ಧಾರವಾಡ ಸೀಮೆಯಲ್ಲಿ ಹಲವು ವರ್ಷ ಕಳೆದು, 1839ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಶಿಕಾರಿಯ ಹವ್ಯಾಸವಿದ್ದ ಆತ ಪ್ರಾಣಿಗಳ ಕನ್ನಡದ ಹೆಸರುಗಳನ್ನೂ ಕೇಳಿ ಬರೆದುಕೊಂಡ. ನಂತರ 1867ರಲ್ಲಿ ಜೆರ್ಡನ್ ಬರೆದ ಭಾರತದ ಸಸ್ತನಿಗಳ ಗ್ರಂಥದಲ್ಲಿ ಚಿಂಕಾರಕ್ಕೆ ತಿಸ್ಕ, ಬುದರಿ, ಮುದರಿ ಎಂದು ಓದಬಹುದಾದ ಕನ್ನಡ ಹೆಸರುಗಳಿವೆ. ಮರಾಠಿಯಲ್ಲಿ ಕಾಳಸೀಪಿ, ಕಪ್ಪು ಬಾಲದ್ದು ಎಂದು. ಅದೇ ಪುಟದಲ್ಲಿ ಬಾವರಿ ಜನರ ಮಾತಿನಲ್ಲಿ ಗಂಡಿಗೊಂದು, ಹೆಣ್ಣಿಗೊಂದು ಬೇರೆ ಬೇರೆ ಹೆಸರು ಇವೆ. ಪ್ರಾಣಿಯ ಗಂಡು-ಹೆಣ್ಣಿಗೆ ಪ್ರತ್ಯೇಕ ಪದವಿಟ್ಟುಕೊಂಡ ಜನ ಅದನ್ನು ಎಷ್ಟು ಹತ್ತಿರದಿಂದ ನೋಡಿದ್ದಿರಬೇಕು! ಸಾಹೇಬರ ಗ್ರಂಥಗಳ ವಿದ್ಯೆಯಲ್ಲಿ ದೊಡ್ಡ ಪಾಲು ಇಂಥವರದು. ಪ್ರಾಣಿಯ ಶಾಸ್ತ್ರೀಯ ನಾಮದ ಕೊನೆಗೆ ಮಾತ್ರ 1831ರಲ್ಲಿ ಅದನ್ನು ದಖ್ಖನದಿಂದ ವರ್ಣಿಸಿದ ಸೈಕ್ಸ್‌ನ ಹೆಸರು ಅಂಟಿಕೊಂಡಿತು.

ಉತ್ತರ ಕರ್ನಾಟಕದಲ್ಲಿ ಈ ಜನರನ್ನು ಹರಣಶಿಕಾರಿ ಎನ್ನುತ್ತಾರೆ, ಹೆಸರಲ್ಲೇ ಹರಿಣವಿದೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಾರ್ಧಿ, ಫಾಸೆ ಪಾರ್ಧಿಗಳ ಜೊತೆಗೆ ಅವರ ಹೆಸರು ಬರುತ್ತದೆ. ಫಾಸೆ ಎಂದರೆ ಉರುಲು. ಪಳಗಿಸಿದ ಆಕಳು ಅಥವಾ ಎತ್ತಿನ ಮರೆಯಲ್ಲಿ ನಡೆದು ಚಿಗರಿಯ ಹಿಂಡನ್ನು ಸಮೀಪಿಸುವುದು, ಸಾಕಿದ ಗಂಡು ಚಿಗರಿಯ ಕೋಡಿಗೆ ಉರುಲು ಕಟ್ಟಿ ಬಿಡುವುದು ಅವರ ಹಳೆಯ ವಿದ್ಯೆ. ಹಿಂಡಿನ ಯಜಮಾನ ಕಾದಾಡಲು ಬಂದು ಕೋಡಿಗೆ ಕೋಡು ಹೆಣೆದಾಗ ಸಿಕ್ಕಿಬೀಳುತ್ತದೆ. ಮದ್ದಿಲ್ಲ, ಗುಂಡಿಲ್ಲ, ಪ್ರಾಣಿಯ ಸ್ವಭಾವವೇ ಬಲೆ.

ಅರಸರ ಬೇಟೆಯೂ ಇದೇ ವಿದ್ಯೆಯ ಮೇಲೆ ನಿಂತಿತ್ತು. ಪಕ್ಕದ ಕೊಲ್ಹಾಪುರ ಸಂಸ್ಥಾನದಲ್ಲಿ ಸಿವಂಗಿಯಿಂದ, ಅಂದರೆ ಚೀತಾದಿಂದ, ಚಿಗರಿ ಹಿಡಿಸುವ ಬೇಟೆ ಪ್ರಸಿದ್ಧವಾಗಿತ್ತು. ದೇಶದ ಸಿವಂಗಿಗಳು ವಿರಳವಾದಾಗ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವುಗಳನ್ನು ಆಫ್ರಿಕದಿಂದ ತರಿಸಲಾಯಿತು. 2022ರ ಸೆಪ್ಟೆಂಬರದಲ್ಲಿ ನಮೀಬಿಯದಿಂದ ಕುನೋ ಕಾಡಿಗೆ ಎಂಟು ಚೀತಾಗಳು ಬಂದಾಗ ಇದು ಮೊದಲ ಸಲವೆಂಬಂತೆ ಸಂಭ್ರಮಿಸಿದವರು ಕೊಲ್ಹಾಪುರವನ್ನು ಮರೆತಿದ್ದರು. ಪರದೇಶದ ಆ ಪ್ರಾಣಿಗೆ ದಖ್ಖನದ ಬಯಲು ಗುರುತಿಲ್ಲದ ನೆಲ. ಅದರ ಕಣ್ಣಿಗೆ ಪಟ್ಟಿ ಕಟ್ಟಿ, ಎತ್ತಿನ ಗಾಡಿಯ ಮೇಲೆ ಕೂರಿಸಿ ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದರು. ಹೊಲದ ಗಾಡಿಗೆ ಚಿಗರಿ ಬೆದರುವುದಿಲ್ಲ. ರೈತನ ಗಾಡಿಯಿಂದ ಅದಕ್ಕೆಂದೂ ಕೇಡಾಗಿರಲಿಲ್ಲ. ಬೇಟೆಯ ಗೆಲುವು ಸಿವಂಗಿಯ ವೇಗದಲ್ಲಿ ಎಷ್ಟಿತ್ತೋ ಆ ನಂಬಿಕೆಯ ದುರುಪಯೋಗದಲ್ಲಿಯೂ ಅಷ್ಟೇ ಇತ್ತು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ನಾಯಿಯ ವಿಚಾರ ಎಲ್ಲರಿಗೂ ಗೊತ್ತಿರುವುದೇ. 2005ರಲ್ಲಿ ಅದಕ್ಕೆ ಅಂಚೆಚೀಟಿಯ ಗೌರವವೂ ಬಂತು. ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಆ ತೆಳುಮೈಯ ನಾಯಿ ಬಯಲಿನದೇ ಸೃಷ್ಟಿ. ಕಣಕುಂಬಿಯ ಕಾಡಿನಲ್ಲಿ ಅದಕ್ಕೆ ಕೆಲಸವಿಲ್ಲ.

ಅರಸರದು ಕ್ರೀಡೆಯೆನಿಸಿತು, ಹರಣಶಿಕಾರಿಯದು ಅಪರಾಧವೆನಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮುಂದೆ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳೆದ್ದವು. 1952ರಲ್ಲಿ ಕಾಯಿದೆ ರದ್ದಾಯಿತು, ಕಳಂಕ ರದ್ದಾಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅತ್ಯಗತ್ಯವಾಗಿತ್ತು. ಅದಿಲ್ಲದಿದ್ದರೆ ಚಿಗರಿಯ ಮಾತು ಇಂದು ಭೂತಕಾಲದಲ್ಲಿ ಬರುತ್ತಿತ್ತು. ಆದರೆ ಆ ಕಾಯಿದೆಯ ಜಾರಿಗೆ ಹೊರಟವರು ಚಿಗರಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರನ್ನು ಕಾವಲಿಗೆ ಕರೆದುಕೊಳ್ಳುವ ಬುದ್ಧಿ ತೋರಿದ್ದು ತೀರ ಅಪರೂಪ. ಇದು ಅರಣ್ಯ ಆಡಳಿತದ ದೊಡ್ಡ ಲೋಪ.

ನೆಲ ಬಲ್ಲವರು ಕಾವಲಿಗೆ ನಿಂತರೆ ಏನಾಗುತ್ತದೆಂಬುದಕ್ಕೆ ನಿಜವಾದ ಮರುಭೂಮಿಯ ಉದಾಹರಣೆಯೇ ಇದೆ. 1998ರ ಅಕ್ಟೋಬರ ಆರಂಭದಲ್ಲಿ ರಾಜಸ್ಥಾನದ ಜೋಧಪುರದ ಸಮೀಪ ಚಿತ್ರೀಕರಣಕ್ಕೆ ಬಂದಿದ್ದ ಹಿಂದಿ ಚಿತ್ರರಂಗದವರ ಮೇಲೆ ಕಂಕಾಣಿ ಗ್ರಾಮದ ಬಳಿ ಇರುಳಲ್ಲಿ ಎರಡು ಕೃಷ್ಣಮೃಗಗಳನ್ನು ಕೊಂದ ಆರೋಪ ಬಂತು. ಗುಂಡಿನ ಸದ್ದು ಕೇಳಿ ಎದ್ದು ವಾಹನವನ್ನು ಬೆನ್ನಟ್ಟಿದವರು ಊರಿನ ಬಿಷ್ಣೋಯಿಗಳು. ಸಾಕ್ಷಿ ಹೇಳಿದವರೂ ಅವರೇ. ಇಪ್ಪತ್ತು ವರ್ಷ ಅವರು ಹಿಂದೆ ಸರಿಯಲಿಲ್ಲ. 2018ರ ಏಪ್ರಿಲ್ 5ರಂದು ನ್ಯಾಯಾಲಯ ಪ್ರಸಿದ್ಧ ನಟನೊಬ್ಬನಿಗೆ ಐದು ವರ್ಷದ ಶಿಕ್ಷೆ ವಿಧಿಸಿತು, ಉಳಿದವರನ್ನು ಬಿಡುಗಡೆ ಮಾಡಿತು; ಶಿಕ್ಷೆಯ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಯಿತು. 1730ರಲ್ಲಿ ಖೇಜಡಲಿಯಲ್ಲಿ ಮರಗಳನ್ನು ಅಪ್ಪಿ 363 ಮಂದಿ ಪ್ರಾಣ ಕೊಟ್ಟ ಸಮುದಾಯವದು; 1983ರಲ್ಲಿ ಸಲಕಣಿಯ ಕಾಡಿನಲ್ಲಿ ಅಪ್ಪಿಕೊ ಆರಂಭಿಸಿದ ಸಹ್ಯಾದ್ರಿಯ ಜನಕ್ಕೆ ಅವರು ದೂರದವರೇನಲ್ಲ.

ಪೂರ್ವದ ಗುಡ್ಡಗಳಲ್ಲಿ ಈಗ ಬೀಳಗಿ, ಮುಧೋಳ ತಾಲೂಕುಗಳ ಸುಮಾರು 96 ಚದರ ಕಿಲೋಮೀಟರು ಯಡಹಳ್ಳಿ ಚಿಂಕಾರ ವನ್ಯಧಾಮವಾಗಿದೆ. ಗುಡ್ಡದ ಬುಡದವರೆಗೆ ಕಬ್ಬು ಹಬ್ಬಿರುವ ಸೀಮೆಯಲ್ಲಿ ಅದೊಂದು ನಡುಗಡ್ಡೆ. ಬೇಲಿಯೊಳಗಿನ ರಕ್ಷಣೆಯನ್ನೇ ನೆಚ್ಚಿಕೊಂಡರೆ ಏನಾಗಬಹುದೆಂಬುದನ್ನು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. 2025ರ ನವೆಂಬರದಲ್ಲಿ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಕಾರಣ, ದನ-ಎಮ್ಮೆಗಳಿಗೆ ಬರುವ ಗಳಲೆ ರೋಗದ ಬ್ಯಾಕ್ಟೀರಿಯ. ಮಳೆಗಾಲಕ್ಕೆ ಮುಂಚೆ ದನಕರುಗಳಿಗೆ ಹಾಕಿಸುವ ಗಳಲೆ ಲಸಿಕೆ ಕಾಡಂಚಿನ ಹಳ್ಳಿಗಳಲ್ಲಿ ಕೊಟ್ಟಿಗೆಯನ್ನಷ್ಟೇ ಕಾಯುವುದಿಲ್ಲವೆಂಬುದನ್ನು ಹೈನುಗಾರರು ನೆನಪಿನಲ್ಲಿಡಬೇಕು.

ಈಗ ಮಾತು ಖಾನಾಪುರಕ್ಕೆ ಬರುತ್ತದೆ. ಪೂರ್ವದ ಗುಡ್ಡಕ್ಕೆ ಘಟ್ಟದವನು ಹೊರಗಿನವನಾದಂತೆ, ಭೀಮಗಡದ ಕಾಡಿಗೆ ಪಟ್ಟಣದವನು ಹೊರಗಿನವನು. 2011ರ ಡಿಸೆಂಬರದಲ್ಲಿ ಸುಮಾರು 190 ಚದರ ಕಿಲೋಮೀಟರು ಅಭಯಾರಣ್ಯವಾಯಿತು. ಅದರಂಚಿನ ಹಳ್ಳಿಗಳಿಗೆ ಜೀಪಿನಲ್ಲಿ ಬರುವವರ ಬಳಿ ಒಳ್ಳೆಯ ಬಂದೂಕಿದೆ, ಪ್ರಖರವಾದ ದೀಪವಿದೆ. ಇಲ್ಲದಿರುವುದು ಒಂದೇ: ಕಡವೆ ಯಾವ ಹಳ್ಳ ದಾಟುತ್ತದೆ, ಉಪ್ಪುಮಣ್ಣು ನೆಕ್ಕಲು ಎಲ್ಲಿಗೆ ಬರುತ್ತದೆ ಎಂಬ ತಿಳಿವು. ಅದಕ್ಕಾಗಿ ಅವರು ಊರಿನ ಹುಡುಗರನ್ನು ಹುಡುಕುತ್ತಾರೆ. ಒಂದು ರಾತ್ರಿಯ ಕೂಲಿ, ಒಂದು ಪಾಲು ಮಾಂಸ. ಸಿಕ್ಕಿಬಿದ್ದಾಗ ಜೀಪು ಊರು ಬಿಟ್ಟಿರುತ್ತದೆ. ಠಾಣೆಯಲ್ಲಿ ಕೂರುವವನು ದಾರಿ ತೋರಿದವನು. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ. ಹರಣಶಿಕಾರಿಯ ಕತೆ ಘಟ್ಟದಲ್ಲಿ ಮರುಕಳಿಸುವ ಬಗೆ ಇದು.

ಗದ್ದೆಗೆ ನುಗ್ಗುವ ಪ್ರಾಣಿಯ ಮೇಲೆ ರೈತನಿಗೆ ಸಿಟ್ಟು ಬರುವುದು ಸಹಜ, ಆ ಸಿಟ್ಟನ್ನು ಅಲ್ಲಗಳೆಯುವ ಪರಿಸರವಾದ ಪಟ್ಟಣದ ಜಗಲಿಯಲ್ಲಿ ಹುಟ್ಟಿದ್ದು. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಅರ್ಜಿಯ ಜೊತೆಗೆ ಹಾನಿಯ ಛಾಯಾಚಿತ್ರ, ಪಹಣಿ ಪತ್ರ ಇಟ್ಟುಕೊಂಡು ಪಟ್ಟು ಹಿಡಿದು ಕೇಳಬೇಕು. ಕೇಳುವವರು ಹತ್ತಾರು ಮಂದಿ ಒಟ್ಟಾದರೆ ಕಡತ ಬೇಗ ಚಲಿಸುತ್ತದೆ. ರಾತ್ರಿಯ ಜೀಪಿನ ಸುದ್ದಿಗೆ ಇಲಾಖೆಯ ಸಹಾಯವಾಣಿ 1926.

ಇನ್ನೊಂದು ಕೆಲಸ ವಿದ್ಯಾರ್ಥಿಗಳದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅನೇಕ ಕಡೆ ಅದು ಯಾರೋ ತುಂಬಿಸಿಕೊಟ್ಟ ಕಾಗದ. ಒಂದು ಕಾಲಕ್ಕೆ ಸೋವಿಗೆ ಹೋದ, ಮರಸು ಕೂತ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕಾಡುಕುರಿಗೆ, ಬರಿಂಕಕ್ಕೆ, ಕೊಂಡಕುರಿಗೆ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಗಂಡು, ಹೆಣ್ಣು, ಮರಿಗೆ ಯಾವ ಯಾವ ಹೆಸರಿದೆ, ಯಾವ ತಿಂಗಳು ಯಾವ ಕಾಯಿ ತಿನ್ನುತ್ತದೆ ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳಬೇಕು. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಪಕ್ಕದಲ್ಲಿ ಬರೆಯಬೇಕು. ಉಪ್ಪುಮಣ್ಣಿನ ಜಾಗ, ಬೇಸಿಗೆಯ ನೀರಿನ ಗುಂಡಿ, ಮರಿ ಹಾಕುವ ಕಂದಕಗಳ ಗುರುತನ್ನು ಮಾತ್ರ ಆ ಕಡತದಲ್ಲಿ ತೆರೆದಿಡಬಾರದು. ಅದನ್ನು ಓದಲು ಜೀಪಿನವರೂ ಬರುತ್ತಾರೆ.